ವಯಸ್ಸಾದ ಮೇಲೆ ವ್ಯಾಯಾಮದಲ್ಲಿ ಏದುಸಿರು: ಅಳೆಯುವುದು ಹೇಗೆ, ತಗ್ಗಿಸುವುದು ಹೇಗೆ

"ಮೊದಲೆಲ್ಲ ಎರಡು ಮಹಡಿ ಒಂದೇ ಉಸಿರಿಗೆ ಹತ್ತುತ್ತಿದ್ದೆ. ಈಗ ಒಂದು ಮಹಡಿಗೇ ಏದುಸಿರು ಬರುತ್ತೆ. ಇದು ವಯಸ್ಸಿನದಾ, ಕಾಯಿಲೆಯದಾ? ವ್ಯಾಯಾಮ ಮುಂದುವರಿಸಲಾ, ಬಿಡಲಾ?" ಐವತ್ತು ದಾಟಿದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವ ಮಾತು ಬೇರೆ ಬೇರೆ, ಒಳಗಿನ ಭಯ ಒಂದೇ. ಅದಕ್ಕೇ ಒಮ್ಮೆ ಪೂರ್ತಿಯಾಗಿ ಬರೆಯೋಣ ಅಂತ ಕೂತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಿನ ಜೊತೆ ಏದುಸಿರು ಸ್ವಲ್ಪ ಬೇಗ ಬರುವುದು ಸಹಜ. ಆದರೆ ಅದರಲ್ಲಿ ವಯಸ್ಸಿನ ಪಾಲು ನೀವಂದುಕೊಂಡಷ್ಟು ದೊಡ್ಡದಲ್ಲ. ಓಡಾಟ ಕಡಿಮೆಯಾಗಿದ್ದರ ಪಾಲೂ ಅದರಲ್ಲಿ ಸೇರಿಕೊಂಡಿರುತ್ತದೆ, ಆ ಪಾಲನ್ನು ವಾಪಸ್ ಪಡೆಯಬಹುದು. ಅದಕ್ಕಿರುವ ದಾರಿ ನಿಮ್ಮ ಕಾಲುಗಳಲ್ಲಿದೆ. ಹಾಗೆಂದರೇನು ಅಂತ ಮುಂದೆ ವಿವರಿಸುತ್ತೇನೆ. ಏದುಸಿರಿಗೆ ಹೆದರಿ ಕೂತರೆ ಕಾಲು ಸೋಲುತ್ತದೆ. ಕಾಲು ಸೋತರೆ ಏದುಸಿರು ಇನ್ನೂ ಬೇಗ ಬರುತ್ತದೆ. ಈ ಸುಳಿಯೊಳಗೆ ಸಿಕ್ಕಿಕೊಂಡವರು ತುಂಬ ಜನ.

ಒಳಗೆ ಏನು ಬದಲಾಗುತ್ತದೆ

ಶ್ವಾಸಕೋಶ 20ರಿಂದ 25ನೇ ವಯಸ್ಸಿನ ಹೊತ್ತಿಗೆ ತನ್ನ ಪೂರ್ತಿ ಶಕ್ತಿ ಮುಟ್ಟುತ್ತದೆ. ಕೆಲವು ವರ್ಷ ಹಾಗೇ ಇದ್ದು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ದೊಡ್ಡದಾಗಿ ಉಸಿರೆಳೆದು ಜೋರಾಗಿ ಊದಿದಾಗ ಮೊದಲ 1 ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಅನ್ನುವುದು ವೈದ್ಯರು ನೋಡುವ ಮುಖ್ಯ ಅಳತೆ. ಬೀಡಿ ಸಿಗರೇಟು ಸೇದದ ಆರೋಗ್ಯವಂತರಲ್ಲೂ ಇದು ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರ್ ಕಡಿಮೆಯಾಗುತ್ತ ಹೋಗುತ್ತದೆ. ಸೇದುವವರಲ್ಲಿ ಇಳಿತ ಇನ್ನೂ ಜೋರು.

ಇದಕ್ಕೆ ಕಾರಣಗಳು ಹಲವು. ಶ್ವಾಸಕೋಶ ಹಿಗ್ಗಿದ ಮೇಲೆ ತಾನಾಗಿಯೇ ಕುಗ್ಗುವ ಗುಣ ಇಟ್ಟುಕೊಂಡಿರುತ್ತದೆ, ರಬ್ಬರ್ ಬ್ಯಾಂಡಿನ ಹಾಗೆ. ವಯಸ್ಸಾದಂತೆ ಆ ಎಳೆತ ಸಡಿಲವಾಗುತ್ತದೆ. ಅದೇ ಹೊತ್ತಿಗೆ ಪಕ್ಕೆಲುಬುಗಳನ್ನು ಎದೆಯ ಮೂಳೆಗೆ ಜೋಡಿಸುವ ಮೆದು ಎಲುಬು ಗಡುಸಾಗುತ್ತದೆ. ಎದೆಗೂಡು ಮೊದಲಿನಷ್ಟು ಸಲೀಸಾಗಿ ಅಗಲವಾಗುವುದಿಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ಇರುವ ಉಸಿರಾಟದ ಮುಖ್ಯ ಸ್ನಾಯು, ಅಂದರೆ ವಪೆ, ಅದರ ಬಲವೂ ತಗ್ಗುತ್ತದೆ. ರಕ್ತಕ್ಕೆ ಆಮ್ಲಜನಕ ದಾಟಿಸುವ ಪುಟ್ಟ ಗಾಳಿಚೀಲಗಳು ಅಗಲವಾಗಿ, ಗಾಳಿಯೂ ರಕ್ತವೂ ಹತ್ತಿರ ಬರುವ ಒಟ್ಟು ಜಾಗ ಕಡಿಮೆಯಾಗುತ್ತದೆ.

ಸುಮ್ನೆ ಕೂತಾಗ ಇದ್ಯಾವುದೂ ಗೊತ್ತಾಗುವುದಿಲ್ಲ. ವಿಶ್ರಾಂತಿಯಲ್ಲಿ ನಮಗೆ ನಿಮಿಷಕ್ಕೆ ಬೇಕಾಗುವುದು 6ರಿಂದ 8 ಲೀಟರ್ ಗಾಳಿ ಅಷ್ಟೇ. ಗಟ್ಟಿಮುಟ್ಟಾದ ಯುವಕ ಪೂರ್ತಿ ಶಕ್ತಿ ಹಾಕಿ ಓಡುವಾಗ ಅದು 100 ಲೀಟರ್ ದಾಟುತ್ತದೆ. ಅಷ್ಟು ದೊಡ್ಡ ಮೀಸಲು ನಮ್ಮೊಳಗಿದೆ. ವಯಸ್ಸು ತೆಗೆದುಕೊಳ್ಳುವುದು ಈ ಮೀಸಲಿನ ಒಂದು ಭಾಗವನ್ನು. ಅದಕ್ಕೇ ವ್ಯತ್ಯಾಸ ಕಾಣುವುದು ಮೆಟ್ಟಿಲಿನಲ್ಲಿ, ಏರಿನಲ್ಲಿ, ಬಸ್ಸಿಗೆ ಓಡುವಾಗ.

ವ್ಯಾಯಾಮದ ಹೊತ್ತಿನಲ್ಲಿ ಮುಖ್ಯವಾಗಿ ನಾಲ್ಕು ವಿಷಯ ಬದಲಾಗುತ್ತವೆ. ಇವು ಗೊತ್ತಿದ್ದರೆ ಮುಂದಿನ ಹಂತಗಳು ತಾವಾಗಿಯೇ ಅರ್ಥವಾಗುತ್ತವೆ.

ಒಂದು, ಅದೇ ಕೆಲಸಕ್ಕೆ ಜಾಸ್ತಿ ಗಾಳಿ ಬೇಕಾಗುತ್ತದೆ. ಎಳೆದುಕೊಂಡ ಗಾಳಿಯಲ್ಲಿ ಒಂದು ಪಾಲು ರಕ್ತದ ಹತ್ತಿರ ಹೋಗದೆ ಹಾಗೇ ಹೊರಗೆ ಬರುತ್ತದೆ. ವಯಸ್ಸಾದಂತೆ ಈ ವ್ಯರ್ಥ ಗಾಳಿಯ ಪಾಲು ಹೆಚ್ಚುತ್ತದೆ. ಅದನ್ನು ಸರಿದೂಗಿಸಲು 30ರವರಿಗಿಂತ 70ರವರು ಅದೇ ವೇಗದ ನಡಿಗೆಗೆ ಹೆಚ್ಚು ಉಸಿರಾಡುತ್ತಾರೆ.

ಎರಡು, ಗಾಳಿ ಹೊರಗೆ ಹೋಗುವುದು ನಿಧಾನ. ಜನ ಉಸಿರು ಎಳೆದುಕೊಳ್ಳಲು ಆಗುತ್ತಿಲ್ಲ ಅನ್ನುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಬಿಡುವುದರಲ್ಲಿ. ರಬ್ಬರಿನ ಎಳೆತ ಸಡಿಲವಾದ್ದರಿಂದ ಗಾಳಿ ಪೂರ್ತಿ ಹೊರಗೆ ಹೋಗುವಷ್ಟರಲ್ಲಿ ಮುಂದಿನ ಉಸಿರು ಶುರುವಾಗಿರುತ್ತದೆ. ಹಳೆ ಗಾಳಿ ಒಳಗೇ ಉಳಿದು ಎದೆ ಅರ್ಧ ಉಬ್ಬಿಕೊಂಡೇ ಇರುತ್ತದೆ. ಉಬ್ಬಿದ ಎದೆಗೆ ಮತ್ತೆ ಗಾಳಿ ತುಂಬುವುದು ಕಷ್ಟ ಅಲ್ವಾ? ಅದನ್ನೇ ನಾವು "ದಮ್ಮು ಕಟ್ಟಿತು" ಅನ್ನುವುದು. ಹೆಂಗಸರ ಗಾಳಿನಾಳಗಳು ಗಂಡಸರದಕ್ಕಿಂತ ಕಿರಿದು. ಹಾಗಾಗಿ ಅದೇ ವಯಸ್ಸು, ಅದೇ ಕೆಲಸ ಆದರೂ ಅವರಿಗೆ ಇದು ಬೇಗ ಅನುಭವಕ್ಕೆ ಬರುತ್ತದೆ. ಇದನ್ನು ಸೋಮಾರಿತನ ಅಂತ ಯಾರಾದರೂ ಅಂದರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ.

ಮೂರು, ದೇಹ ಗೇರ್ ಬದಲಿಸುವುದು ನಿಧಾನ. ನಡೆಯಲು ಶುರುಮಾಡಿದ ಕೂಡಲೇ ಸ್ನಾಯುಗಳಿಗೆ ಆಮ್ಲಜನಕ ಬೇಕು. ಹೃದಯ, ರಕ್ತನಾಳ, ಸ್ನಾಯು ಮೂರೂ ಹೊಂದಿಕೊಳ್ಳಲು ಸ್ವಲ್ಪ ಸಮಯ ಹಿಡಿಯುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಓಡಾಟ ಕಡಿಮೆ ಇರುವವರಲ್ಲಿ, ಈ ಸಮಯ ಜಾಸ್ತಿ. ಮೊದಲ ಕೆಲವು ನಿಮಿಷ ತೀರಾ ಕಷ್ಟ ಅನ್ನಿಸಿ, ಆಮೇಲೆ ಹಗುರವಾಗುವುದು ಇದರಿಂದಲೇ.

ನಾಲ್ಕು, ಎಚ್ಚರಿಕೆಯ ಗಂಟೆಯ ದನಿ ಸಣ್ಣದಾಗುತ್ತದೆ. ಗಾಳಿನಾಳ ಕಿರಿದಾದರೆ ಯುವಕರಿಗೆ ಕೂಡಲೇ ತಿಳಿಯುತ್ತದೆ. ಹಿರಿಯರಿಗೆ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ. ಆಸ್ತಮಾ ಇರುವ 65ರವರು "ನಾನು ಚೆನ್ನಾಗೇ ಇದ್ದೇನೆ" ಅಂದರೂ ಒಳಗೆ ಬಿಗಿಯಾಗಿರಬಹುದು. ಅಂಥವರು ಅನಿಸಿಕೆಯನ್ನು ಮಾತ್ರ ನಂಬದೆ, ವೈದ್ಯರು ಹೇಳಿದ್ದರೆ ಪೀಕ್ ಫ್ಲೋ ಮೀಟರಿನಲ್ಲಿ ಅಳೆದು ನೋಡಬೇಕು. ಊದಿದ ಗಾಳಿಯ ವೇಗ ತೋರಿಸುವ ಸಣ್ಣ ಕೊಳವೆ ಅದು.

ಇನ್ನು ಕಾಲಿನ ವಿಷಯ. ಆರೋಗ್ಯವಂತರಿಗೆ ಏದುಸಿರು ಬರುವುದು ರಕ್ತದಲ್ಲಿ ಆಮ್ಲಜನಕ ಕುಸಿದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹೆಚ್ಚಿನವರಲ್ಲಿ ಅದು ಅಷ್ಟೇನೂ ಕುಸಿದಿರುವುದಿಲ್ಲ. ಸೋತ ಸ್ನಾಯುಗಳು ಬೇಗ ಲ್ಯಾಕ್ಟಿಕ್ ಆಮ್ಲ ಹುಟ್ಟಿಸಲು ಶುರುಮಾಡುತ್ತವೆ. ಆಗ ರಕ್ತದಲ್ಲಿ ಹುಳಿ ಅಂಶವೂ ಇಂಗಾಲದ ಡೈಆಕ್ಸೈಡೂ ಹೆಚ್ಚುತ್ತವೆ. ಅದನ್ನು ಹೊರಹಾಕಲು ಮೆದುಳು "ಇನ್ನೂ ಜೋರಾಗಿ ಉಸಿರಾಡು" ಅನ್ನುತ್ತದೆ. ಕಾಲು ಗಟ್ಟಿಯಾದರೆ ಅದೇ ಮೆಟ್ಟಿಲಿಗೆ ಆ ಹುಳಿ ಕಡಿಮೆ ಹುಟ್ಟುತ್ತದೆ, ಉಸಿರಿನ ಬೇಡಿಕೆಯೇ ಇಳಿಯುತ್ತದೆ.

ಇದಕ್ಕೆ ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಾಕ್ಷಿ ಒಂದಿದೆ. 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ 20 ವರ್ಷದ 5 ಯುವಕರನ್ನು 3 ವಾರ ಹಾಸಿಗೆಯಲ್ಲೇ ಮಲಗಿಸಿ ಅವರ ದೇಹದ ಸಾಮರ್ಥ್ಯ ಅಳೆದರು. 30 ವರ್ಷದ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. 30 ವರ್ಷದ ವಯಸ್ಸು ಕಿತ್ತುಕೊಂಡದ್ದಕ್ಕಿಂತ ಆ 3 ವಾರದ ಹಾಸಿಗೆ ಕಿತ್ತುಕೊಂಡದ್ದೇ ಜಾಸ್ತಿ ಇತ್ತು. ಆಮೇಲೆ 6 ತಿಂಗಳು ತರಬೇತಿ ಕೊಟ್ಟಾಗ, ಹಾಸಿಗೆಗೆ ಹೋಗುವ ಮೊದಲು 20ರಲ್ಲಿ ಇದ್ದ ಮಟ್ಟಕ್ಕೆ ಅವರು 50ರಲ್ಲಿ ಮರಳಿದರು. ಆ ಸುಧಾರಣೆ ಬಂದದ್ದು ಹೆಚ್ಚಾಗಿ ಸ್ನಾಯುಗಳು ರಕ್ತದಿಂದ ಆಮ್ಲಜನಕ ಹೀರಿಕೊಳ್ಳುವುದನ್ನು ಮತ್ತೆ ಕಲಿತದ್ದರಿಂದ.

ಏನೇನು ಬೇಕು

ಸೆಕೆಂಡ್ ತೋರಿಸುವ ಗಡಿಯಾರ ಅಥವಾ ಫೋನು. ಒಂದು ನೋಟ್‌ಬುಕ್. ಕೈ ಇಲ್ಲದ, ಗಾಲಿ ಇಲ್ಲದ ಗಟ್ಟಿ ಕುರ್ಚಿ. ಸಮತಟ್ಟಾದ ದಾರಿ. ಹಿಡಿಗಂಬಿ ಇರುವ ಮೆಟ್ಟಿಲು. ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ. ಇಷ್ಟೇ ಸಾಕು.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಕಡ್ಡಾಯವಲ್ಲ. ಇದ್ದರೆ ಬಳಸಿ, ಆದರೆ ನಡೆಯುತ್ತಲೇ ಅದನ್ನು ದಿಟ್ಟಿಸಬೇಡಿ. ಕೈ ಅಲುಗಿದರೆ, ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ತಪ್ಪು ಅಂಕಿ ತೋರಿಸುತ್ತದೆ. ಕೈ ಅಲ್ಲಾಡಿಸದೆ ನೋಡಿದಾಗಲೂ ವ್ಯಾಯಾಮದಲ್ಲಿ 4 ಅಂಕಿಗಿಂತ ಹೆಚ್ಚು ಇಳಿಯುತ್ತಿದ್ದರೆ, ಅಥವಾ 90ರ ಕೆಳಗೆ ಹೋದರೆ, ವೈದ್ಯರಿಗೆ ತೋರಿಸಿ.

ಹಂತ 1: ಇದು ವಯಸ್ಸಿನ ಏದುಸಿರೇ ಅಂತ ಖಚಿತಪಡಿಸಿಕೊಳ್ಳಿ

ಈ ಹಂತವನ್ನು ಹಾರಿಸಬೇಡಿ. ವಯಸ್ಸಿನ ಏದುಸಿರು ಮೆಲ್ಲಗೆ, ವರ್ಷಗಳಲ್ಲಿ ಬರುತ್ತದೆ. ವಾರಗಳಲ್ಲಿ, ತಿಂಗಳಲ್ಲಿ ಬಂದದ್ದು ವಯಸ್ಸಿನದಲ್ಲ. ಹೋದ ತಿಂಗಳು ಆರಾಮಾಗಿ ಹತ್ತುತ್ತಿದ್ದ ಮೆಟ್ಟಿಲು ಈ ತಿಂಗಳು ಆಗುತ್ತಿಲ್ಲ ಅಂದರೆ ಕಾರಣ ಹುಡುಕಲೇಬೇಕು. ರಕ್ತಹೀನತೆ, ಹೃದಯದ ತೊಂದರೆ, ಆಸ್ತಮಾ, ಹೊಗೆಯಿಂದ ಹಾಳಾದ ಶ್ವಾಸಕೋಶ, ಥೈರಾಯ್ಡ್, ಏರಿದ ತೂಕ, ಯಾವುದು ಬೇಕಾದರೂ ಇರಬಹುದು.

ಹೀಗಿದ್ದರೆ ವ್ಯಾಯಾಮ ಶುರುಮಾಡುವ ಮೊದಲು ವೈದ್ಯರನ್ನು ನೋಡಿ:

- ಸುಮ್ಮನೆ ಕೂತಾಗಲೂ, ಮಾತಾಡುವಾಗಲೂ ಉಸಿರು ಸಾಲದು
- ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬು ಎತ್ತರ ಮಾಡಬೇಕಾಗುತ್ತದೆ, ರಾತ್ರಿ ಎಚ್ಚರವಾಗುತ್ತದೆ
- ಪಾದ, ಕಣಕಾಲು ಊದಿಕೊಂಡಿದೆ
- ಉಸಿರಾಡುವಾಗ ಸುಂಯ್‌ಗುಡುವ ಶಬ್ದ, ವಾರಗಟ್ಟಲೆ ಬಿಡದ ಕೆಮ್ಮು
- ನಡೆಯುವಾಗ ಎದೆ ಹಿಡಿದುಕೊಂಡ ಹಾಗಾಗುತ್ತದೆ, ನಿಂತರೆ ಬಿಡುತ್ತದೆ

ಎದೆನೋವು, ತಲೆ ಸುತ್ತಿ ಕಣ್ಣು ಕತ್ತಲೆ, ತುಟಿ ನೀಲಿ, ತಣ್ಣನೆ ಬೆವರು, ಇದ್ದಕ್ಕಿದ್ದಂತೆ ಬಂದ ಏದುಸಿರು ಇವು ಕಂಡರೆ ಕಾಯಬೇಡಿ. ಆ ಕ್ಷಣವೇ ತುರ್ತು ಚಿಕಿತ್ಸೆಗೆ ಹೋಗಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಹಿರಿಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಹೃದಯದ ರಕ್ತನಾಳ ಕಟ್ಟಿದಾಗ ಎದೆನೋವೇ ಬರದೆ ಬರೀ ಏದುಸಿರು ಬರಬಹುದು. "ನೋವಿಲ್ಲವಲ್ಲ, ಹೃದಯದ್ದಲ್ಲ" ಅಂತ ನೀವೇ ತೀರ್ಮಾನ ಮಾಡಬೇಡಿ.

ವೈದ್ಯರ ಹತ್ತಿರ ಹೋದಾಗ "ವಯಸ್ಸಾಯ್ತು, ಅದಕ್ಕೆ" ಅಂತ ನೀವಾಗಿ ಶುರುಮಾಡಬೇಡಿ. ಎಷ್ಟು ಮೆಟ್ಟಿಲಿಗೆ ಬರುತ್ತದೆ, ಎಂದಿನಿಂದ, ಹೋದ ವರ್ಷ ಹೇಗಿತ್ತು ಅನ್ನುವುದನ್ನು ಅಂಕಿಯಲ್ಲಿ ಹೇಳಿ. ಬೇಕಾದರೆ ಅವರು ಸ್ಪೈರೋಮೆಟ್ರಿ ಮಾಡಿಸುತ್ತಾರೆ. ಯಂತ್ರಕ್ಕೆ ಜೋರಾಗಿ ಊದುವ ಪರೀಕ್ಷೆ ಅದು, ನೋವಿರುವುದಿಲ್ಲ. ಅದರ ವರದಿಯಲ್ಲಿ ನಿಮ್ಮ ಅಂಕಿಯನ್ನು ನಿಮ್ಮದೇ ವಯಸ್ಸು, ಎತ್ತರ, ಲಿಂಗದವರ ಜೊತೆ ಹೋಲಿಸಿರುತ್ತಾರೆ. 70ರ ಅಂಕಿಯನ್ನು 30ರವರ ಜೊತೆ ಹೋಲಿಸಿ ಗಾಬರಿಯಾಗಬೇಡಿ.

ಹಂತ 2: ನಿಮ್ಮ ಇವತ್ತಿನ ಲೆಕ್ಕ ಬರೆದಿಡಿ

ಮೂರು ಅಳತೆ ಸಾಕು. ಮೂರನ್ನೂ ಒಂದೇ ದಿನ ಮಾಡಬೇಕಾಗಿಲ್ಲ.

ಮೊದಲನೆಯದು, ವಿಶ್ರಾಂತಿಯ ಉಸಿರು. 10 ನಿಮಿಷ ಕೂತ ಮೇಲೆ 1 ನಿಮಿಷದಲ್ಲಿ ಎಷ್ಟು ಸಲ ಎದೆ ಏರುತ್ತದೆ ಅಂತ ಎಣಿಸಿ. 12ರಿಂದ 20 ಸಾಮಾನ್ಯ. ತಾನೇ ಎಣಿಸಲು ಹೋದರೆ ಉಸಿರಿನ ಲಯ ಬದಲಾಗುತ್ತದೆ. ಮನೆಯವರು ನಿಮಗೆ ಹೇಳದೆ ಎಣಿಸಿದರೆ ಒಳ್ಳೆಯದು. ಕೂತಾಗಲೂ 25 ದಾಟುತ್ತಿದ್ದರೆ ಹಂತ 1ಕ್ಕೆ ವಾಪಸ್ ಹೋಗಿ.

ಎರಡನೆಯದು, ಕುರ್ಚಿ ಪರೀಕ್ಷೆ. ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಎಣಿಸಿ. ಇದು ತೊಡೆಯ ಬಲದ ಲೆಕ್ಕ. ಕೈ ಊರದೆ ಏಳಲು ಆಗದಿದ್ದರೆ ಅದನ್ನೂ ಹಾಗೇ ಬರೆದುಕೊಳ್ಳಿ. ನಿಮ್ಮ ಕೆಲಸ ಶುರುವಾಗಬೇಕಾದ್ದು ಅಲ್ಲಿಂದಲೇ.

ಮೂರನೆಯದು, 6 ನಿಮಿಷದ ನಡಿಗೆ. ಸಮತಟ್ಟಾದ ದಾರಿಯಲ್ಲಿ, ಅದೇ ಎರಡು ಗುರುತುಗಳ ನಡುವೆ, ನಿಮಗೆ ಸಾಧ್ಯವಾದ ಚುರುಕು ನಡಿಗೆಯಲ್ಲಿ ಓಡಾಡಿ. ಎಷ್ಟು ಸುತ್ತು ಆಯ್ತು, ಕೊನೆಯಲ್ಲಿ ಏದುಸಿರು ಎಷ್ಟಿತ್ತು, ಮಾಮೂಲಿಗೆ ಬರಲು ಎಷ್ಟು ನಿಮಿಷ ಹಿಡಿಯಿತು ಅಂತ ಬರೆಯಿರಿ. ನಡುವೆ ನಿಲ್ಲಬೇಕಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲಿಸಬೇಡಿ.

ಹಂತ 3: ಏದುಸಿರಿಗೆ ಅಂಕಿ ಕೊಡುವುದನ್ನು ಕಲಿಯಿರಿ

ಎಷ್ಟೋ ಜನ ನಾಡಿಬಡಿತದ ಸೂತ್ರ ಹಿಡಿದು ಹೋಗುತ್ತಾರೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಸಿಗುತ್ತದೆ ಅನ್ನುವ ಲೆಕ್ಕ. ಅದು ಸರಾಸರಿ ಅಷ್ಟೇ. ಒಬ್ಬೊಬ್ಬರಲ್ಲಿ 10-12 ಬಡಿತ ಆಚೀಚೆ ಇರುವುದು ಮಾಮೂಲು. ರಕ್ತದೊತ್ತಡಕ್ಕೋ ಹೃದಯಕ್ಕೋ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗಂತೂ ಈ ಸೂತ್ರ ಹೊಂದುವುದೇ ಇಲ್ಲ. ಆ ಮಾತ್ರೆ ಬಡಿತ ಏರದಂತೆ ತಡೆದು ಹಿಡಿದಿರುತ್ತದೆ. ಸೂತ್ರದ ಅಂಕಿ ಮುಟ್ಟಲು ಹೊರಟರೆ ಮೈಮೇಲೆ ಅಪಾಯ ಎಳೆದುಕೊಂಡ ಹಾಗೆ.

ಅದಕ್ಕಿಂತ ಉಸಿರನ್ನೇ ಕೇಳುವುದು ಒಳ್ಳೆಯದು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ 0ಯಿಂದ 10ರ ಅಳತೆಪಟ್ಟಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. 0 ಅಂದರೆ ಏದುಸಿರೇ ಇಲ್ಲ. 3 ಅಂದರೆ ಮಧ್ಯಮ. 5 ಅಂದರೆ ಜೋರು. 10 ಅಂದರೆ ಇನ್ನು ಆಗುವುದೇ ಇಲ್ಲ ಅನ್ನುವಷ್ಟು. ನೀವು ಹೆಚ್ಚು ಹೊತ್ತು ಇರಬೇಕಾದ ಜಾಗ 3ರಿಂದ 4.

ಅಂಕಿ ಗೊಂದಲ ಅನ್ನಿಸಿದರೆ ಮಾತಿನಿಂದ ಪರೀಕ್ಷಿಸಿಕೊಳ್ಳಿ. ನಡೆಯುತ್ತ ಪೂರ್ತಿ ವಾಕ್ಯ ಮಾತಾಡಬಹುದು, ಆದರೆ ಹಾಡಲು ಆಗುವುದಿಲ್ಲ: ಇದೇ ಸರಿಯಾದ ಜಾಗ. ಆರಾಮಾಗಿ ಹಾಡಬಹುದು: ಸ್ವಲ್ಪ ಚುರುಕಾಗಿ. ನಾಲ್ಕು ಪದಕ್ಕೊಮ್ಮೆ ಉಸಿರು ಬೇಕು: ನಿಧಾನಿಸಿ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. 1ರಲ್ಲೇ ಉಳಿದುಬಿಡುತ್ತಾರೆ. ಏದುಸಿರು ಬಂದ ಕೂಡಲೇ ತಪ್ಪು ಮಾಡಿದೆ ಅಂದುಕೊಂಡು ನಿಲ್ಲುತ್ತಾರೆ. ಹಂತ 1 ದಾಟಿ ಬಂದವರಿಗೆ 3ರ ಏದುಸಿರು ಅಪಾಯವಲ್ಲ. ಅದು ಬರದಿದ್ದರೆ ದೇಹಕ್ಕೆ ಬದಲಾಗಲು ಕಾರಣವೇ ಸಿಗುವುದಿಲ್ಲ.

ಹಂತ 4: ಶುರು ನಿಧಾನವಾಗಿರಲಿ

ಗೇರ್ ಬದಲಿಸಲು ಸಮಯ ಬೇಕು ಅಂದೆನಲ್ಲ, ಆ ಸಮಯ ಕೊಡಿ. ಮೊದಲ 8ರಿಂದ 10 ನಿಮಿಷ ಅಂಕಿ 2 ದಾಟದ ಹಾಗೆ ನಡೆಯಿರಿ. ಭುಜ ತಿರುಗಿಸಿ, ಸೊಂಟ ಆಚೀಚೆ ಹೊರಳಿಸಿ. ಗಡುಸಾದ ಎದೆಗೂಡಿಗೂ ಇದು ಹಿತ. ಈ ನಿಮಿಷಗಳನ್ನು ಬಿಟ್ಟು ನೇರವಾಗಿ ಏರಿಗೆ ಹೋದವರೇ "ಎರಡು ನಿಮಿಷಕ್ಕೇ ಸುಸ್ತಾದೆ" ಅನ್ನುವುದು. ಸಂತೋಷದ ವಿಷಯ ಏನೆಂದರೆ, ತರಬೇತಿಯಿಂದ ಬೇಗ ಸುಧಾರಿಸುವುದರಲ್ಲಿ ಈ ಗೇರ್ ಬದಲಿಸುವ ವೇಗವೂ ಒಂದು. ಕೆಲವೇ ವಾರಗಳಲ್ಲಿ ನಿಮಗೇ ಗೊತ್ತಾಗುತ್ತದೆ.

ಊಟವಾದ ಕೂಡಲೇ ಬೇಡ. ತುಂಬಿದ ಹೊಟ್ಟೆ ವಪೆ ಕೆಳಗಿಳಿಯಲು ಬಿಡುವುದಿಲ್ಲ. ಬಿಗಿಯಾದ ಬೆಲ್ಟೂ ಹಾಗೇ. ತುಂಬ ತಣ್ಣನೆ ಒಣ ಗಾಳಿ, ಹೊಗೆ, ದೂಳು ಇದ್ದ ದಿನ ಒಳಗೇ ವ್ಯಾಯಾಮ ಮಾಡಿ. ವ್ಯಾಯಾಮಕ್ಕೆ ಮೊದಲು ಇನ್‌ಹೇಲರ್ ತೆಗೆದುಕೊಳ್ಳಲು ವೈದ್ಯರು ಹೇಳಿದ್ದರೆ ಮರೆಯಬೇಡಿ.

ಹಂತ 5: ಬಿಡುವ ಉಸಿರಿನ ಮೇಲೆ ಗಮನ ಇಡಿ

"ದೀರ್ಘವಾಗಿ ಉಸಿರೆಳೆದುಕೊಳ್ಳಿ" ಅಂತ ಎಲ್ಲರೂ ಹೇಳುತ್ತಾರೆ. ನಾನು ಮೊದಲು ಬಿಡಿ ಅನ್ನುತ್ತೇನೆ. ಒಳಗೆ ಉಳಿದ ಹಳೆ ಗಾಳಿ ಹೊರಗೆ ಹೋದರೆ ಹೊಸದು ತಾನಾಗಿಯೇ ಬರುತ್ತದೆ.

ಕೂತು ಅಭ್ಯಾಸ ಮಾಡಿ. ಭುಜ ಸಡಿಲ ಬಿಡಿ. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಎಳೆಯಿರಿ. ಸೀಟಿ ಹೊಡೆಯುವಂತೆ ತುಟಿ ಕಿರಿದು ಮಾಡಿ, ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಊದಿ. ಮುಂದೆ ಮೇಣದಬತ್ತಿ ಇದ್ದರೆ ಅದರ ಜ್ವಾಲೆ ಬಾಗಬೇಕು, ಆರಬಾರದು, ಅಷ್ಟು ಮೆಲ್ಲಗೆ. ಕಿರಿದಾದ ತುಟಿ ಒಳಗಿನ ಸಣ್ಣ ಗಾಳಿನಾಳಗಳು ಬೇಗ ಮುಚ್ಚಿಕೊಳ್ಳದ ಹಾಗೆ ತಡೆಯುತ್ತದೆ.

ಕೂತು ರೂಢಿಯಾದ ಮೇಲೆ ನಡಿಗೆಗೆ ಹೊಂದಿಸಿ: ಎರಡು ಹೆಜ್ಜೆಗೆ ಎಳೆಯುವುದು, ಮೂರು ನಾಲ್ಕು ಹೆಜ್ಜೆಗೆ ಬಿಡುವುದು. ಮೆಟ್ಟಿಲಿನಲ್ಲಿ, ನಿಂತಾಗ ಎಳೆದು, ಹತ್ತುವಾಗ ಬಿಡಿ. ಭಾರ ಎತ್ತುವಾಗ, ಕುರ್ಚಿಯಿಂದ ಏಳುವಾಗ, ಬಾಗುವಾಗ ಎಲ್ಲಾ ಕಡೆ ಒಂದೇ ನಿಯಮ: ಶ್ರಮದ ಹೊತ್ತಿನಲ್ಲಿ ಉಸಿರು ಹೊರಗೆ.

ಉಸಿರು ಬಿಗಿಹಿಡಿದು ಎತ್ತಬೇಡಿ. ಬಿಗಿಹಿಡಿದಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ವಯಸ್ಸಾದ ರಕ್ತನಾಳಗಳಿಗೆ ಈ ಏರಿಳಿತ ಒಳ್ಳೆಯದಲ್ಲ. ಹಾಗೇ ಬೇಕೆಂದೇ ಬೇಗ ಬೇಗ, ಆಳವಾಗಿ ಉಸಿರಾಡುವುದೂ ಬೇಡ. ಇಂಗಾಲದ ಡೈಆಕ್ಸೈಡ್ ತೀರಾ ಇಳಿದು ತಲೆ ಹಗುರವಾಗುತ್ತದೆ, ಬೆರಳು ಜುಮುಗುಡುತ್ತದೆ.

ಬಲೂನು ಊದಿದರೆ ಶ್ವಾಸಕೋಶ ಬೆಳೆಯುತ್ತದಾ ಅಂತ ಕೇಳುತ್ತಿರುತ್ತಾರೆ. ಇಲ್ಲ. ಕಳೆದುಹೋದ ಗಾಳಿಚೀಲಗಳು ಊದುವುದರಿಂದ ವಾಪಸ್ ಬರುವುದಿಲ್ಲ. ಉಸಿರಾಟದ ಅಭ್ಯಾಸಗಳು ಉಸಿರಿನ ಸ್ನಾಯುಗಳಿಗೆ ಬಲ ಕೊಡುತ್ತವೆ, ಗಾಬರಿ ತಗ್ಗಿಸುತ್ತವೆ. ಅವನ್ನು ಮಾಡಿ, ಆದರೆ ನಡಿಗೆಯ ಬದಲಿಗೆ ಅಲ್ಲ.

ಹಂತ 6: ನಡಿಗೆಯನ್ನು ತುಂಡು ತುಂಡಾಗಿ ಕಟ್ಟಿ

ಒಂದೇ ಸಮನೆ 30 ನಿಮಿಷ ನಡೆಯಲು ಆಗದವರು ಮೊದಲ 2 ವಾರ ಹೀಗೆ ಮಾಡಿ: 2 ನಿಮಿಷ ಚುರುಕಾಗಿ, ಅಂಕಿ 3ರಿಂದ 4. ಆಮೇಲೆ 2 ನಿಮಿಷ ನಿಧಾನವಾಗಿ, ಅಂಕಿ 1ರಿಂದ 2ಕ್ಕೆ ಇಳಿಯುವ ತನಕ. ಇಂಥ 4 ಸುತ್ತು. ವಾರಕ್ಕೆ 4 ದಿನ. ಮೂರನೇ ವಾರದಿಂದ ಚುರುಕಿನ ತುಂಡನ್ನು 3 ನಿಮಿಷ ಮಾಡಿ, ಆಮೇಲೆ 4. ನಿಧಾನದ ತುಂಡು 2 ನಿಮಿಷವೇ ಇರಲಿ. 8 ವಾರದ ಹೊತ್ತಿಗೆ ಹೆಚ್ಚಿನವರು 25ರಿಂದ 30 ನಿಮಿಷಕ್ಕೆ ಬರುತ್ತಾರೆ. ಒಂದು ವಾರ ಕಷ್ಟ ಅನ್ನಿಸಿದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿ, ಯಾರೂ ಲೆಕ್ಕ ಕೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. 65 ದಾಟಿದವರಿಗೂ ಅಷ್ಟೇ. ಅದನ್ನು ಮುಟ್ಟಲಾಗದಿದ್ದರೆ ಎಷ್ಟಾಗುತ್ತದೋ ಅಷ್ಟು ಮಾಡಿದರೂ ಲಾಭ ಇದೆ ಅಂತ ಅದೇ ಸಲಹೆ ಹೇಳುತ್ತದೆ.

ನಿಮಿಷ ಮತ್ತು ವೇಗ ಎರಡನ್ನೂ ಒಂದೇ ವಾರ ಏರಿಸಬೇಡಿ. ಮೊದಲು ನಿಮಿಷ, ಆಮೇಲೆ ವೇಗ, ಕೊನೆಗೆ ಏರು. ಜೊತೆಯಲ್ಲಿ ನಡೆಯುವವರ ವೇಗಕ್ಕೂ ನಿಮ್ಮ ಉಸಿರಿಗೂ ಸಂಬಂಧ ಇಲ್ಲ. ಅದೇ ವಯಸ್ಸಿನ ಇಬ್ಬರ ಮೀಸಲು ಬೇರೆ ಬೇರೆ ಇರುತ್ತದೆ.

ಹಂತ 7: ಕಾಲಿಗೆ ಬಲ ಕೊಡಿ

ಬರೀ ನಡೆದು ಇದನ್ನು ಬಿಟ್ಟವರಿಗೆ ಅರ್ಧ ಫಲ ಅಂತಲೇ ನನ್ನ ಅಭಿಪ್ರಾಯ. ಮೆಟ್ಟಿಲಿನ ಏದುಸಿರು ತಗ್ಗಿಸುವ ಕೆಲಸ ತೊಡೆಯದು. ವಾರಕ್ಕೆ 2 ದಿನ, ನಡುವೆ ಒಂದು ದಿನವಾದರೂ ಬಿಡುವು ಇರಲಿ:

- ಕುರ್ಚಿಯಿಂದ ಎದ್ದು ಕೂರುವುದು, 8ರಿಂದ 10 ಸಲ. ಏಳುವಾಗ ಉಸಿರು ಬಿಡಿ, ಕೂರುವಾಗ ನಿಧಾನವಾಗಿ ಇಳಿಯಿರಿ
- ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, 10ರಿಂದ 12 ಸಲ
- ಹಿಡಿಗಂಬಿ ಹಿಡಿದು ಕೆಳಗಿನ ಒಂದೇ ಮೆಟ್ಟಿಲು ಹತ್ತಿ ಇಳಿಯುವುದು, ಒಂದೊಂದು ಕಾಲಿಗೆ 8 ಸಲ
- ಗೋಡೆಗೆ ಕೈಕೊಟ್ಟು ಮೈ ಮುಂದೆ ತಂದು ತಳ್ಳುವುದು, 8ರಿಂದ 10 ಸಲ

ಒಂದು ಸುತ್ತಿನಿಂದ ಶುರುಮಾಡಿ, 3-4 ವಾರದ ಮೇಲೆ ಎರಡು ಸುತ್ತು. ಪ್ರತಿ ವ್ಯಾಯಾಮದ ನಡುವೆ ಉಸಿರು 1ಕ್ಕೆ ಇಳಿಯಲಿ. ಕೈಗಳನ್ನು ತಲೆಯ ಮೇಲೆ ಎತ್ತಿ ಮಾಡುವ ವ್ಯಾಯಾಮದಲ್ಲಿ ಏದುಸಿರು ಬೇಗ ಬಂದರೆ ಆಶ್ಚರ್ಯಪಡಬೇಡಿ. ಉಸಿರಿಗೆ ನೆರವಾಗುವ ಎದೆ, ಭುಜದ ಸ್ನಾಯುಗಳು ಆಗ ಕೈ ಹಿಡಿದು ನಿಲ್ಲಿಸುವ ಕೆಲಸದಲ್ಲಿರುತ್ತವೆ.

ಹಂತ 8: ನಿಲ್ಲಿಸುವ ಬಗೆ

ತಟ್ಟನೆ ನಿಲ್ಲಬೇಡಿ. ಚುರುಕು ನಡಿಗೆಯಲ್ಲಿ ರಕ್ತ ಕಾಲುಗಳಲ್ಲಿ ತುಂಬಿರುತ್ತದೆ. ನಿಂತ ಕೂಡಲೇ ಒತ್ತಡ ಇಳಿದು ತಲೆ ಸುತ್ತಬಹುದು. 5 ನಿಮಿಷ ನಿಧಾನವಾಗಿ ನಡೆದು ಮುಗಿಸಿ.

ನಡುವೆ ಉಸಿರು ಮೇಲಾದರೆ ಈ ಭಂಗಿ ಬಳಸಿ: ಕುರ್ಚಿಯ ಬೆನ್ನನ್ನೋ ಗೋಡೆಯನ್ನೋ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿ ನಿಲ್ಲಿ. ಕೂತಿದ್ದರೆ ಮೊಣಕೈಗಳನ್ನು ತೊಡೆಯ ಮೇಲೆ ಊರಿ. ಕೈ ಊರಿದಾಗ ಭುಜದ ಸ್ನಾಯುಗಳು ಬಿಡುವಾಗಿ ಉಸಿರಿಗೆ ನೆರವಾಗುತ್ತವೆ. ಆಮೇಲೆ ತುಟಿ ಕಿರಿದು ಮಾಡಿ ಬಿಡುವ ಉಸಿರು.

ನಿಂತ 5-10 ನಿಮಿಷಕ್ಕೆ ಕೆಮ್ಮು, ಸುಂಯ್‌ ಶಬ್ದ, ಎದೆ ಬಿಗಿತ ಶುರುವಾದರೆ ಅದನ್ನು ಬರೆದುಕೊಳ್ಳಿ. ವ್ಯಾಯಾಮದಿಂದ ಗಾಳಿನಾಳ ಕಿರಿದಾಗುವವರಲ್ಲಿ ತೊಂದರೆ ಜೋರಾಗುವುದು ಹೆಚ್ಚಾಗಿ ಆಗಲೇ. ಅದಕ್ಕೆ ಔಷಧಿ ಇದೆ. ವೈದ್ಯರಿಗೆ ಹೇಳಿದರೆ ಸಾಕು, ವ್ಯಾಯಾಮ ಬಿಡಬೇಕಾಗಿಲ್ಲ.

ಹಂತ 9: 8ರಿಂದ 12 ವಾರದ ನಂತರ ಮತ್ತೆ ಅಳೆಯಿರಿ

ಹಂತ 2ರ ಅಳತೆಗಳನ್ನು ಅದೇ ದಾರಿ, ಅದೇ ಕುರ್ಚಿ, ದಿನದ ಅದೇ ಹೊತ್ತಿನಲ್ಲಿ ಮಾಡಿ. ಸುಧಾರಣೆ ಎಲ್ಲಿ ಕಾಣುತ್ತದೆ ಅನ್ನುವುದು ಗೊತ್ತಿರಬೇಕು, ಇಲ್ಲದಿದ್ದರೆ ನಿರಾಸೆಯಾಗುತ್ತದೆ. ಸ್ಪೈರೋಮೆಟ್ರಿ ಮಾಡಿಸಿದರೆ ಅಂಕಿ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಏಕೆಂದರೆ ಬದಲಾದದ್ದು ಶ್ವಾಸಕೋಶ ಅಲ್ಲ. ಬದಲಾವಣೆ ಕಾಣುವುದು ಅದೇ 6 ನಿಮಿಷದಲ್ಲಿ ಒಂದೆರಡು ಸುತ್ತು ಜಾಸ್ತಿ ಬಂದಾಗ, ಅದೇ ಮೆಟ್ಟಿಲಿಗೆ ಮೊದಲು 5 ಇದ್ದದ್ದು ಈಗ 3 ಆದಾಗ, ಉಸಿರು ಮಾಮೂಲಿಗೆ ಬರಲು 5 ನಿಮಿಷ ಹಿಡಿಯುತ್ತಿದ್ದದ್ದು 3ಕ್ಕೆ ಇಳಿದಾಗ.

12 ವಾರ ತಪ್ಪದೆ ಮಾಡಿಯೂ ಯಾವ ಅಂಕಿಯೂ ಅಲುಗದಿದ್ದರೆ, ಅಥವಾ ಹಿಂದಕ್ಕೆ ಹೋದರೆ, ಆ ನೋಟ್‌ಬುಕ್ಕನ್ನೇ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ. ಕಾರಣ ಹುಡುಕಲು ಅವರಿಗೆ ಅದಕ್ಕಿಂತ ಒಳ್ಳೆಯ ಸುಳಿವು ಸಿಗುವುದಿಲ್ಲ.

ನಡುವೆ ಜ್ವರ, ಕೆಮ್ಮು ಬಂದು ಬಿಟ್ಟುಹೋದರೆ, ಪೂರ್ತಿ ಗುಣವಾಗುವ ತನಕ ಕಾಯಿರಿ. ಆಮೇಲೆ ಬಿಟ್ಟ ಕಡೆಯಿಂದ ಶುರುಮಾಡಬೇಡಿ. ಒಂದು ವಾರ ತಪ್ಪಿದ್ದರೆ 2 ವಾರ ಹಿಂದಿನ ಲೆಕ್ಕಕ್ಕೆ ಹೋಗಿ ಅಲ್ಲಿಂದ ಹತ್ತಿ ಬನ್ನಿ. ಹಾಸಿಗೆ ಹಿಡಿದ ದಿನಗಳು ಎಷ್ಟು ಬೇಗ ಶಕ್ತಿ ಕಸಿಯುತ್ತವೆ ಅಂತ ಡಲ್ಲಾಸಿನ ಐವರಲ್ಲಿ ನೋಡಿದೆವಲ್ಲ. ಅದಕ್ಕೇ ಮೈ ಹುಷಾರಿಲ್ಲದಾಗಲೂ, ವೈದ್ಯರು ಬೇಡ ಅನ್ನದಿದ್ದರೆ, ಗಂಟೆಗೊಮ್ಮೆ ಎದ್ದು ಕೋಣೆಯೊಳಗೇ ಎರಡು ಸುತ್ತು ಹಾಕಿ, ಕುರ್ಚಿಯಿಂದ ನಾಲ್ಕು ಸಲ ಎದ್ದು ಕೂತುಕೊಳ್ಳಿ.